ಗೋಡೆಯೊಳಗಿನ ಮಾಡ

2019ರ ಆಗಸ್ಟ್ ತಿಂಗಳ ಮಳೆಯನ್ನು ಬೆಳಗಾವಿ ಜಿಲ್ಲೆಯವರು ಯಾರೂ ಮರೆತಿರಲಾರರು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಲೇ ಉಕ್ಕಿ ಹರಿದವು. ನದಿಯಿಂದ ದೂರವಿದ್ದ ಮನೆಗಳೂ ಪಾರಾಗಲಿಲ್ಲ. ಹಗಲು ರಾತ್ರಿ ಬಿಡದೆ ಹಿಡಿದ ಜಡಿಮಳೆಗೆ ಮಣ್ಣಿನ ಗೋಡೆಗಳು ನೆನೆದು ಒಂದೊಂದಾಗಿ ಕುಸಿದವು. ಪಾರಿಶ್ವಾಡದ ನಮ್ಮ ತವರುಮನೆಯ ಅಡಿಗೆಮನೆಯ ಗೋಡೆಯೂ ಒಂದು ಬೆಳಗಿನ ಜಾವ ಹಿತ್ತಲಕಡೆಗೆ ಮಲಗಿಬಿಟ್ಟಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಬೆಳಕು ಹರಿದ ಮೇಲೆ ಹೋಗಿ ನೋಡಿದರೆ, ಗೋಡೆಯಲ್ಲಿ ಉಳಿದದ್ದು ಒಂದು ಮೂಲೆ. ಆ ಮೂಲೆಯಲ್ಲಿ ನಮ್ಮವ್ವನ ಮಾಡ, ಅರ್ಧ ಮುರಿದು ನಿಂತಿತ್ತು.

ಮಾಡವೆಂದರೆ ಗೋಡೆಯೊಳಗೆ ಬಿಟ್ಟ ಚಿಕ್ಕ ಗೂಡು. ದೀಪವಿಡಲಿಕ್ಕೆಂದು ಅದನ್ನು ಮಾಡುತ್ತಿದ್ದರು. ನಮ್ಮವ್ವ ಮಾತ್ರ ಅದರಲ್ಲಿ ತನ್ನ ಸಂಸಾರವನ್ನೇ ಇಟ್ಟಿದ್ದಳು: ಹಣಿಗೆ, ಕುಂಕುಮದ ಭರಣಿ, ಅಂಗೈಯಗಲ ಕನ್ನಡಿ, ಸೂಜಿ ದಾರ, ಜೀರಿಗೆ ಡಬ್ಬಿಯಲ್ಲಿ ಮುಚ್ಚಿಟ್ಟ ಚಿಲ್ಲರೆ ಹಣ. ಅಷ್ಟು ದೊಡ್ಡ ಮನೆಯಲ್ಲಿ ಅವಳದು ಎನ್ನಬಹುದಾದ ಜಾಗ ಅದೊಂದೇ.

ಮಳೆ ನಿಂತ ಮೇಲೆ ಎರಡು ಪ್ರಶ್ನೆಗಳು ನಮ್ಮ ಬಾಗಿಲಿಗೆ ಬಂದವು. ಹಾನಿ ಬರೆದುಕೊಳ್ಳಲು ಬಂದವರು ಕೇಳಿದರು: “ಮನಿ ಯಾರ ಹೆಸರಿನಾಗ ಐತ್ರಿ?” ಮುಂದೆ ಎಷ್ಟೋ ತಿಂಗಳ ಮೇಲೆ, ಗೋಡೆ ಕಟ್ಟಲು ಬಂದ ಗೌಂಡಿ ಕೇಳಿದ: “ಒಳಗ ಹ್ಯಾಂಗ ಬೇಕ್ರಿ ಬಾಯಾರ?” ನನಗೆ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವ ಉಮೇದು ಬಹಳ ಇತ್ತು. ಬಣ್ಣ, ಪರದೆ, ಕಿಡಕಿ ಎಲ್ಲವನ್ನೂ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಹೊರಗೆ ಎಷ್ಟೇ ದಣಿದು ಬಂದರೂ ಹೊಸ್ತಿಲು ದಾಟಿದ ಕೂಡಲೇ ಮಂತ್ರ ಹಾಕಿದಂತೆ ಮನಸ್ಸು ತಣ್ಣಗಾಗುವ ಮನೆ ಯಾರಿಗೆ ಬೇಡ? ಆದರೆ ಮೊದಲನೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಎರಡು ಪ್ರಶ್ನೆಗಳ ನಡುವೆ ನಮ್ಮ ಸೀಮೆಯ ಮನೆಗಳ ಕಥೆಯೆಲ್ಲ ಇದೆ ಎಂದು ನನಗೆ ಆಮೇಲೆ ಹೊಳೆಯಿತು.

ನಮ್ಮ ಕಡೆ ಮನೆಯ ರೂಪವನ್ನು ಗೊತ್ತುಮಾಡಿದ್ದು ಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿ ಖಾನಾಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿದೆ. ಅಲ್ಲಿ ಸಹ್ಯಾದ್ರಿಯ ಮಳೆ. ಆದ್ದರಿಂದ ಇಳಿಜಾರು ಮಾಡು, ಹೊರಗೆ ಚಾಚಿದ ಸೂರು. ಅದೇ ನದಿಯ ಗುಂಟ ಪೂರ್ವಕ್ಕೆ ಸವದತ್ತಿಯ ಕಡೆ ಹೋದಂತೆ ಮಳೆ ಕಡಿಮೆಯಾಗಿ, ಮಣ್ಣು ಮುಚ್ಚಿದ ಸಪಾಟು ಮಾಳಿಗೆಯ ಮನೆಗಳು ಸಿಗುತ್ತವೆ. ಎರಡೂ ಕಡೆ ಸಮಾನವಾದದ್ದು ದಪ್ಪ ಮಣ್ಣಿನ ಗೋಡೆ. ಹಗಲಿನ ಬಿಸಿಲು ಆ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಯಲ್ಲಿ ಬೆಚ್ಚಗೆ. ಹಾಗೆ ದಪ್ಪವಿದ್ದದ್ದರಿಂದಲೇ ಗೋಡೆಯ ಹೊಟ್ಟೆಯೊಳಗೆ ಮಾಡಕ್ಕೆ ಜಾಗವಿತ್ತು. ಇಂದಿನ ಒಂಬತ್ತು ಇಂಚಿನ ಇಟ್ಟಂಗಿ ಗೋಡೆಗೆ ಅಂಥ ಹೊಟ್ಟೆಯಿಲ್ಲ.

ಮಾಡಿಗೆ ಮೊದಲು ಹುಲ್ಲು ಇತ್ತು, ಇಲ್ಲವೇ ಕುಂಬಾರರು ಮಾಡಿದ ನಾಡಹಂಚು. ಮಂಗಗಳು ಕುಣಿದರೆ ಹಂಚು ಸರಿಯುತ್ತಿತ್ತು. ಪ್ರತಿ ವರ್ಷ ಮಿರಗದ ಮಳೆಗಿಂತ ಮೊದಲು ಹಂಚು ತಿರುವಿ ಹಾಕಬೇಕಾಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಯಂತ್ರದ ಹಂಚಿನ ಕಾರಖಾನೆ ತೆರೆದರು. ಒಂದರೊಳಗೊಂದು ಸಿಕ್ಕಿಕೊಂಡು ಕೂಡುವ ಆ ಹಂಚು, ರೈಲು ಬಂದ ಮೇಲೆ ಘಟ್ಟದ ಮೇಲಿನ ಊರುಗಳಿಗೂ ಹಬ್ಬಿತು. ನಮ್ಮ ಖಾನಾಪುರದ ಮಣ್ಣೂ ಕೆಂಪು ಹಂಚಿಗೆ, ಕುಂಬಾರಿಕೆಗೆ ಹೆಸರಾಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇಲ್ಲಿಗೆ ಬಂದದ್ದು ಸುಮ್ಮನೆ ಅಲ್ಲ.

ಹಂಚಿನ ಜೊತೆಗೆ ಗಾಜಿನ ಹಂಚೂ ಬಂತು. ಕಾರಖಾನೆಯವರಿಗೆ ಅದೇನೂ ದೊಡ್ಡ ಸಂಗತಿಯಲ್ಲ. ಹೆಂಗಸರಿಗೆ ಅದು ದೊಡ್ಡ ಸಂಗತಿ. ಹಳೆಯ ಮನೆಗಳಲ್ಲಿ ಪಡಸಾಲೆಗೆ ಗಾಳಿ ಬೆಳಕು ಇರುತ್ತಿತ್ತು, ಅದು ಗಂಡಸರು ಕೂಡ್ರುವ ಜಾಗ. ಅಡಿಗೆಮನೆ ಒಳಗಿನ ಒಳಗೆ, ಹಗಲಿನಲ್ಲೂ ಕತ್ತಲು, ಒಲೆಯ ಹೊಗೆ. ಮಾಡಿನ ನಡುವೆ ಒಂದು ಗಾಜಿನ ಹಂಚು ಸೇರಿಸಿದ ದಿನ, ರೊಟ್ಟಿ ಬಡಿಯುವವಳ ಕೊಮ್ಮಣಿಗೆಯ ಮೇಲೆ ಒಂದು ತುಂಡು ಬಿಸಿಲು ಬಿತ್ತು. ನಾನು ಚಿಕ್ಕವಳಿದ್ದಾಗ ನಮ್ಮವ್ವ ಆ ಬಿಸಿಲನ್ನು ನೋಡಿ ಹೊತ್ತು ಹೇಳುತ್ತಿದ್ದಳು. ಬಿಸಿಲು ಒಲೆಯ ಕಟ್ಟೆಗೆ ಬಂದರೆ ಸಾಲೆಗೆ ಹೊತ್ತಾಯಿತು ಎಂದು ಅರ್ಥ.

ಇನ್ನು ಸಿಂಗಾರ. ಮನೆ ಸಿಂಗರಿಸುವುದು ಈಗಿನವರ ಹವ್ಯಾಸವೆಂದು ತಿಳಿಯುವವರಿದ್ದಾರೆ. ನಮ್ಮ ಅಜ್ಜಿಯರು ವರ್ಷಕ್ಕೆ ಎರಡು ಮೂರು ಸಲ ಮನೆಯನ್ನು ಹೊಸದು ಮಾಡುತ್ತಿದ್ದರು. ಯುಗಾದಿಗೆ, ಗಣಪತಿ ಹಬ್ಬಕ್ಕೆ, ದಸರೆ ದೀಪಾವಳಿಗೆ ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು, ನೆಲಕ್ಕೆ ಸೆಗಣಿ ಸಾರಣೆ. ಸುಣ್ಣ ಹುಳಹುಪ್ಪಡಿಯನ್ನು ದೂರವಿಡುತ್ತದೆ, ಕತ್ತಲ ಕೋಣೆಗೆ ಬೆಳಕನ್ನೂ ಕೊಡುತ್ತದೆ. ನಾಗರಪಂಚಮಿಗೆ ತೊಲೆಗೆ ಜೋಕಾಲಿ ಕಟ್ಟುತ್ತಿದ್ದರು. ಲಗ್ನವಾಗಿ ಹೋದ ಹೆಣ್ಣುಮಕ್ಕಳು ಉಂಡಿ ತಿನ್ನಲು ತವರಿಗೆ ಬರುವ ಹಬ್ಬ ಅದು. ಅತ್ತೆಮನೆಯಲ್ಲಿ ವರ್ಷವೆಲ್ಲ ದುಡಿದ ಜೀವಕ್ಕೆ ಆ ನಾಲ್ಕು ದಿನದ ಜೋಕಾಲಿಯೇ ಲೋಕದಿಂದ ತಪ್ಪಿಸಿಕೊಂಡು ಕೂಡ್ರುವ ತಾಣ.

ಗೋಡೆಗೆ ಚಿತ್ರ ಬಂದದ್ದು ಆಮೇಲೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅವನ ಲಕ್ಷ್ಮಿ, ಸರಸ್ವತಿಯರು ಅಚ್ಚಾಗಿ ಸಾಮಾನ್ಯರ ಮನೆಗೂ ಬಂದರು. ನಾವು ಆಗ ಮುಂಬಯಿ ಇಲಾಖೆಯಲ್ಲೇ ಇದ್ದವರು. ಹೆಂಗಸರು ಆ ಚಿತ್ರವನ್ನು ಹಾಗೆಯೇ ತೂಗುಹಾಕಲಿಲ್ಲ. ಲಕ್ಷ್ಮಿಯ ಸೀರೆಗೆ ಜರಿ ಅಂಟಿಸಿದರು, ಕೊರಳಿಗೆ ಮಣಿ ಹೊಲಿದರು, ಆಮೇಲೆ ಕಟ್ಟು ಹಾಕಿಸಿದರು. ಅಚ್ಚಿನಲ್ಲಿ ಎಲ್ಲರ ಮನೆಗೂ ಒಂದೇ ರೀತಿ ಬಂದ ದೇವಿ ಹೀಗೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ರೀತಿಯವಳಾದಳು. ಬಾಗಿಲ ತೋರಣಕ್ಕೆ, ಕುಲಾಯಿಗೆ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ ಬಂದವು. ಹಳೆಯ ಸೀರೆ, ಧೋತರಗಳೆಲ್ಲ ಸೇರಿ ಕೌದಿಯಾದವು.

ಕೌದಿಯ ಮಾತು ಬಂದಾಗ ಸಿದ್ದಿಯರನ್ನು ನೆನೆಯದೆ ಮುಂದೆ ಹೋಗಲಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಗಳಲ್ಲಿ, ನಮ್ಮ ಖಾನಾಪುರದ ಕಾಡಂಚಿನಲ್ಲೂ ಸಿದ್ದಿಯರಿದ್ದಾರೆ. ಪೋರ್ತುಗೀಜರು ಅವರ ಹಿರಿಯರಲ್ಲಿ ಬಹಳ ಜನರನ್ನು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡುಗಳಲ್ಲಿ ಗುಡಿಸಲು ಕಟ್ಟಿದರು. ಲೋಕದಿಂದ ಅಡಗಿಕೊಳ್ಳಲು ಕಟ್ಟಿದ ಮನೆ ಎಂದರೆ ಅದೇ ನಿಜವಾದದ್ದು. ಅವರ ಹೆಂಗಸರು ಹೊಲಿಯುವ ಕವಂದಿಯ ನಾಲ್ಕು ಮೂಲೆಗಳಿಗೆ ಮಡಿಚಿದ ಬಟ್ಟೆಯ ಹೂಗಳಿರುತ್ತವೆ. ಅವಿಲ್ಲದಿದ್ದರೆ ಕವಂದಿ ಬೆತ್ತಲೆ ಇದ್ದಂತೆ ಎನ್ನುತ್ತಾರೆ. ಕೆಲವರು ಹೊಲಿಗೆ ಮುಗಿಸುವ ಮುನ್ನ ನಡುವೆ ನಾಲ್ಕು ಕಾಳು ಅಕ್ಕಿ ಇಟ್ಟು ಅದರ ಹೊಟ್ಟೆ ತುಂಬಿಸುತ್ತಾರೆ. ಏನೂ ಇಲ್ಲದೆ ಓಡಿಬಂದವರ ಮಕ್ಕಳು ಹೊದಿಕೆಯೂ ಹಸಿದಿರಬಾರದು ಎಂದುಕೊಂಡರಲ್ಲ! ಸಿಂಗಾರವೆಂದರೆ ಶ್ರೀಮಂತರ ಚಟವೆಂದು ನಾನು ಅಂದುಕೊಂಡದ್ದು ಈ ಕವಂದಿಯನ್ನು ಕಂಡ ಮೇಲೆ ತಪ್ಪೆನಿಸಿತು.

ಆದರೆ ಮನೆಯೇ ಕಾಯದೆ ಕೈಬಿಟ್ಟ ಕಾಲವೂ ಇತ್ತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ಒಂದೆರಡು ವರ್ಷಗಳಲ್ಲಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಮುತ್ತಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಸರಕಾರಕ್ಕೆ ಯಾರ ಮನೆಯೊಳಗಾದರೂ ಹೋಗುವ ಅಧಿಕಾರ ಕೊಟ್ಟಿತು. ಪುಣೆಯಲ್ಲಿ ಸೈನಿಕರು ಅಡಿಗೆಮನೆ, ದೇವರಮನೆಯೆನ್ನದೆ ನುಗ್ಗಿದರು. ಆ ಸಿಟ್ಟಿಗೆ ಚಾಪೇಕರ ಸಹೋದರರು 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡನಿಗೆ ಗುಂಡು ಹಾರಿಸಿದರು. ರೋಗ ಬಂದ ಮನೆಗಳ ಹಂಚು ತೆಗೆದು ಬಿಸಿಲು ಬಿಡುತ್ತಿದ್ದರು, ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹಬ್ಬದ ಸುಣ್ಣ ಹೀಗೆ ಸಾವಿನ ಗುರುತೂ ಆಯಿತು. ಇಲಿ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಹಳೆಯ ಮಂದಿ ಇದನ್ನು ‘ಊರು ಬಿಟ್ಟ ವರ್ಷ’ ಎನ್ನುತ್ತಿದ್ದರಂತೆ. ಆ ಜೋಳದ ದಂಟಿನ ಗುಡಿಸಲ ಮುಂದೆಯೂ ಹೆಂಗಸರು ನೆಲ ಸಾರಿಸಿ ರಂಗೋಲಿ ಹಾಕುತ್ತಿದ್ದರೆಂದು ನಮ್ಮ ಅಜ್ಜಿ ತನ್ನ ಅವ್ವನ ಬಾಯಿಂದ ಕೇಳಿದ್ದಳು.

ನೂರಾ ಇಪ್ಪತ್ತು ವರ್ಷಗಳ ಮೇಲೆ, 2020ರ ಮಾರ್ಚಿನಲ್ಲಿ, ಇದು ತಿರುಗುಮುರುಗಾಯಿತು. ಆಗ ಮನೆ ಬಿಟ್ಟು ಹೋಗಿ ಎಂದಿದ್ದರು, ಈಗ ಮನೆ ಬಿಟ್ಟು ಹೊರಗೆ ಬರಬೇಡಿ ಎಂದರು. ಮನೆಯೇ ಆಸರೆ ಎಂದು ಎಲ್ಲರೂ ಹೇಳಿದರು. ಅದೇ ದಿನಗಳಲ್ಲಿ ಮನೆಯೊಳಗಿನ ಹಿಂಸೆಯ ಬಗ್ಗೆ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬರುವ ದೂರುಗಳು ಹೆಚ್ಚಿದವು. ಸುಣ್ಣ, ರಂಗೋಲಿ, ತೋರಣ ಎಲ್ಲ ಇದ್ದರೂ ಮನೆ ಆಸರೆಯಾಗದೆ ಹೋಗಬಹುದು. ಆಗ ನನಗೆ ಆ ಮೊದಲ ಪ್ರಶ್ನೆ ಮತ್ತೆ ನೆನಪಾಯಿತು: ಮನೆ ಯಾರ ಹೆಸರಿನಲ್ಲಿದೆ?

ನಮ್ಮ ಕಾಯಿದೆಗಳು ಈ ಪ್ರಶ್ನೆಯ ಹತ್ತಿರ ನಿಧಾನವಾಗಿ ಬಂದವು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಆಸ್ತಿಯನ್ನು ಪೂರ್ಣವಾಗಿ ಅವಳದೇ ಎಂದಿತು, ಆದರೆ ಪಿತ್ರಾರ್ಜಿತದಲ್ಲಿ ಅವಳನ್ನು ಗಂಡುಮಕ್ಕಳ ಸಮಕ್ಕೆ ನಿಲ್ಲಿಸಲಿಲ್ಲ. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಮಗಳಿಗೂ ಜನ್ಮದಿಂದಲೇ ಹಕ್ಕು ಕೊಟ್ಟಿತು. ಅದಕ್ಕಿಂತ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಅದೇ 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆ, ಮನೆ ಅವಳ ಹೆಸರಿನಲ್ಲಿ ಇರಲಿ ಬಿಡಲಿ, ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ ಎಂದಿತು. ಬಡವರಿಗೆ ಮನೆ ಕೊಡುವ ನಮ್ಮ ರಾಜ್ಯದ ಯೋಜನೆ 1991-92ರಲ್ಲಿ ಶುರುವಾದಾಗ ಅದಕ್ಕಿಟ್ಟ ಹೆಸರು ‘ಆಶ್ರಯ’. ಹಕ್ಕುಪತ್ರವನ್ನು ಮನೆಯ ಹೆಣ್ಣುಮಗಳ ಹೆಸರಿಗೆ ಕೊಡುವ ಪದ್ಧತಿಯೂ ಅದರ ಜೊತೆಗೆ ಬೆಳೆಯಿತು. ಹೆಸರಿಟ್ಟವರು ಯಾರೋ, ತಿಳಿದೇ ಇಟ್ಟಿರಬೇಕು.

ನಮ್ಮ ಮನೆ ತೀರಿಹೋದ ಅಪ್ಪನ ಹೆಸರಿನಲ್ಲೇ ಇತ್ತು. ತಮ್ಮ ಪುಣೆಯಲ್ಲಿ ನೌಕರಿಗಿದ್ದಾನೆ. ಕೆಡವಿ ಮಾರಿಬಿಡೋಣ ಎಂದ. ನನಗೆ ಕೇಳಲು ನಾಚಿಕೆ. ಮೂವತ್ತು ವರ್ಷ ಮಕ್ಕಳಿಗೆ ನಾಗರಿಕ ಹಕ್ಕುಗಳ ಪಾಠ ಹೇಳಿದವಳು, ತವರಿನ ಪಾಲು ಕೇಳಿದರೆ ಜನ ಏನೆಂದಾರು ಎಂದು ಅಂಜಿದೆ. ತವರು ಎಂದರೆ ಪ್ರೀತಿ, ಅಲ್ಲಿ ಕಾಗದದ ಮಾತು ಎತ್ತಬಾರದು ಎಂದೇ ನಮ್ಮನ್ನು ಬೆಳೆಸಿದ್ದರು. ಅವ್ವನೇ ಬಾಯಿ ಬಿಟ್ಟಳು: “ಸುಣ್ಣಾ ಹಚ್ಚಾಕ ಹೆಣಮಕ್ಕಳು ಬೇಕು, ಕಾಗದದಾಗ ಬ್ಯಾಡೇನು?” ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಕಾಗದಪತ್ರಕ್ಕೆ ಓಡಾಡಿದ. ಈಗ ಉತಾರೆಯಲ್ಲಿ ಅವ್ವನ ಹೆಸರಿದೆ, ನಮ್ಮಿಬ್ಬರ ಹೆಸರೂ ಇದೆ. ಎಲ್ಲರ ಮನೆಯಲ್ಲೂ ಇಷ್ಟು ಸಲೀಸಾಗಿ ಆಗುವುದಿಲ್ಲವೆಂದು ನಾನು ಬಲ್ಲೆ. ಆದರೂ ಕೇಳದೆ ಯಾರ ಮನೆಯಲ್ಲೂ ಆಗುವುದಿಲ್ಲ.

ಅದಾದ ಮೇಲೆ ಗೌಂಡಿಯ ಪ್ರಶ್ನೆಗೆ ಉತ್ತರ ಹೇಳಿದೆ. ಅಡಿಗೆಮನೆಗೆ ಪೂರ್ವಕ್ಕೆ ದೊಡ್ಡ ಕಿಡಕಿ ಬೇಕು. ಒಲೆಯ ಹತ್ತಿರ ಕೂತು ಉಣ್ಣುವಷ್ಟು ಕಟ್ಟೆ ಬೇಕು. ಮುಂದಿನ ಮಾಡಿಗೆ ಹಳೆಯ ಹಂಚುಗಳೇ ಇರಲಿ, ನಡುವೆ ಒಂದು ಗಾಜಿನ ಹಂಚು. ಮತ್ತೆ ಗೋಡೆಯಲ್ಲಿ ಒಂದು ಮಾಡ. “ಒಂಬತ್ತು ಇಂಚಿನ ಗೋಡ್ಯಾಗ ಮಾಡ ಹ್ಯಾಂಗ್ರಿ?” ಎಂದು ಆತ ನಕ್ಕ. ಆಮೇಲೆ ಆ ಜಾಗದಲ್ಲಿ ಗೋಡೆಯನ್ನು ಹೊರಗೆ ನಾಲ್ಕು ಇಂಚು ಉಬ್ಬಿಸಿ ಕಟ್ಟಿಕೊಟ್ಟ. ಹಿತ್ತಲಿಂದ ನೋಡಿದರೆ ಗೋಡೆಗೆ ಗದ್ದಕಟ್ಟು ಬಂದಂತೆ ಕಾಣುತ್ತದೆ. ಬಂದವರು ಅದೇನು ಎಂದು ಕೇಳುತ್ತಾರೆ.

ಪರದೆಗೆ ಹುದಲಿಯ ಖಾದಿ ತಂದೆ. ಗಂಗಾಧರರಾವ್ ದೇಶಪಾಂಡೆಯವರು ಬೆಳೆಸಿದ ಖಾದಿ ಕೆಲಸದ ಊರು ಅದು. ಗೋಡೆಗೆ ತಿಳಿಹಳದಿ ಬಣ್ಣ. ಅವ್ವನ ಹಳೆಯ ಇಳಕಲ್ ಸೀರೆಗಳ ಕೌದಿ ಮಂಚದ ಮೇಲಿದೆ. ಬೆಳಗಾವಿಯಿಂದ ಬಸ್ಸಿಳಿದು, ಧೂಳು ಬೆವರು ಹೊತ್ತು ಬಂದವಳಿಗೆ ಆ ಕೋಣೆ ಈಗ ನಿಜವಾಗಿಯೂ ಮಂತ್ರ ಹಾಕುತ್ತದೆ. ಬಣ್ಣ ಪರದೆಗಳು ಆ ಮಂತ್ರದ ಅರ್ಧ ಭಾಗ ಮಾತ್ರ. ಇಲ್ಲಿಂದ ನನ್ನನ್ನು ಯಾರೂ ಏಳು ಎನ್ನಲಾರರು ಎಂಬುದು ಉಳಿದರ್ಧ.

ಮಾಡದಲ್ಲಿ ಅವ್ವ ಮತ್ತೆ ತನ್ನ ಹಣಿಗೆ, ಕನ್ನಡಿ, ಸೂಜಿ ದಾರ ಇಟ್ಟಿದ್ದಾಳೆ. ಜೀರಿಗೆ ಡಬ್ಬಿಯೂ ಇದೆ. ಅದರಲ್ಲಿ ಚಿಲ್ಲರೆಯ ಮೇಲೆ ಉತಾರೆಯ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ಹಬ್ಬಕ್ಕೆ ಸುಣ್ಣ ಹಚ್ಚುವಾಗ ಡಬ್ಬಿ ಇಳಿಸಿ, ಅದನ್ನೊಮ್ಮೆ ಬಿಚ್ಚಿ ನೋಡಿ, ಮತ್ತೆ ಮಡಿಚಿ ಇಡುತ್ತಾಳೆ.