ಮಲೆನಾಡಿನ ಸೆರಗಿನಲ್ಲಿ ಇಲಿ ಜ್ವರದ ಲೆಕ್ಕ

ಮಳೆಗಾಲ ಮುಗಿಯುವ ಹೊತ್ತಿಗೆ ಇಲಿ ಜ್ವರದ ಬಗ್ಗೆ ಒಂದಲ್ಲ ಒಂದು ಅಂಕಿ ಚಾಲ್ತಿಗೆ ಬರುತ್ತದೆ. ರಕ್ತ ಕೊಟ್ಟವರಲ್ಲಿ ಇಷ್ಟು ಮಂದಿಗೆ ಪ್ರತಿಕಾಯ ಕಂಡಿತು ಎಂಬ ವರದಿ ನಾಲ್ಕು ಬಾಯಿ ದಾಟುವಷ್ಟರಲ್ಲಿ, ಇಷ್ಟು ಮಂದಿಗೆ ಇಲಿ ಜ್ವರ ಬಂದಿದೆ ಎಂದಾಗಿಬಿಡುತ್ತದೆ. ಎರಡೂ ಒಂದೇ ಮಾತಲ್ಲ. ಪ್ರತಿಕಾಯ ಇದೆ ಎಂದರೆ ಇಲಿ ಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಆ ಮೈಯನ್ನು ಎಂದೋ ಹೊಕ್ಕಿತ್ತು ಎಂದಷ್ಟೇ. ಹಾಗೆ ಸೋಂಕು ತಗುಲಿದವರಲ್ಲಿ ಎಷ್ಟೋ ಮಂದಿಗೆ ಕಾಯಿಲೆಯೇ ಕಾಣಿಸಿಕೊಂಡಿರುವುದಿಲ್ಲ. ಕೆಲವರು ಮೈಕೈ ನೋವೆಂದು ಮಲಗಿ ಎದ್ದಿರುತ್ತಾರೆ. ಕೆಲವರಿಗೆ ಮಾತ್ರ ಕಣ್ಣು ಹಳದಿಯಾಗಿ ಮೂತ್ರಪಿಂಡ ಕೈಕೊಡುತ್ತದೆ. ಆಸ್ಪತ್ರೆಯ ದಾಖಲೆಗೆ ಸೇರುವವರು ಹೆಚ್ಚಾಗಿ ಈ ಕೊನೆಯವರು.

ಈ ಸೋಂಕನ್ನು ರಕ್ತದಲ್ಲಿ ಹುಡುಕುವ ವಿದ್ಯೆಯ ಹಳೆಯ ಕಥೆಯನ್ನು ಬೇಗ ಮುಗಿಸಬಹುದು. 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ಕಾಮಾಲೆಯೊಡನೆ ಬರುವ ಈ ಜ್ವರವನ್ನು ವಿವರಿಸಿದ. ಜಪಾನಿನ ಇನಾಡಾ ಮತ್ತು ಇಡೊ ಮೊದಲ ಮಹಾಯುದ್ಧದ ಹೊತ್ತಿಗೆ ರೋಗಾಣುವನ್ನು ಹಿಡಿದರು. 1918ರಲ್ಲಿ ಮಾರ್ಟಿನ್ ಮತ್ತು ಪೆಟಿ ರೂಪಿಸಿದ ಸೂಕ್ಷ್ಮ ಗುಂಪುಗೂಡುವಿಕೆ ಪರೀಕ್ಷೆ, ಅಂದರೆ ಮ್ಯಾಟ್, ನೂರು ವರ್ಷ ದಾಟಿದರೂ ಇನ್ನೂ ಅಳತೆಗೋಲಾಗಿ ಉಳಿದಿದೆ. ನಮ್ಮ ದೇಶದಲ್ಲಿ 1931ರಲ್ಲೇ ಟೇಲರ್ ಮತ್ತು ಗೋಯ್ಲ್ ಅಂಡಮಾನಿನ ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಬಗ್ಗೆ ದೊಡ್ಡ ವರದಿ ಬರೆದರು. ಆಮೇಲೆ ದಶಕಗಟ್ಟಲೆ ಅದು ಮರೆತೇಹೋಯಿತು. ಅದೇ ಅಂಡಮಾನಿನಲ್ಲಿ ರಕ್ತಸ್ರಾವ ಜ್ವರವೆಂದು ಕರೆಯುತ್ತಿದ್ದುದು ಇದೇ ಸೋಂಕು ಎಂದು ಗೊತ್ತಾಗಲು 1990ರ ದಶಕವೇ ಬರಬೇಕಾಯಿತು.

ಮ್ಯಾಟ್ ಕೆಲಸ ಹತ್ತಿರದಿಂದ ನೋಡಿದವರಿಗೆ ಅಂಕಿಗಳ ಮೇಲೆ ಸುಮ್ಮನೆ ನಂಬಿಕೆ ಹುಟ್ಟುವುದಿಲ್ಲ. ಸೀರಮ್ಮನ್ನು ಐವತ್ತು ಪಾಲು, ನೂರು ಪಾಲು, ಇನ್ನೂರು ಪಾಲು ಎಂದು ತೆಳುಮಾಡುತ್ತಾ ಹೋಗಿ, ತಟ್ಟೆಯ ಪ್ರತಿ ಗುಳಿಗೂ ಜೀವಂತ ಲೆಪ್ಟೊಸ್ಪೈರಾಗಳನ್ನು ಹಾಕಿ ಕೆಲವು ಗಂಟೆ ಇಡುತ್ತಾರೆ. ಆಮೇಲೆ ಒಂದು ಹನಿಯನ್ನು ಡಾರ್ಕ್‌ಫೀಲ್ಡ್ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕಪ್ಪು ಹಿನ್ನೆಲೆಯಲ್ಲಿ ತುದಿ ಬಾಗಿದ ಬೆಳ್ಳಗಿನ ಎಳೆಗಳು ತಿರುಗುತ್ತಾ ಓಡಾಡುತ್ತವೆ. ಪ್ರತಿಕಾಯ ಇದ್ದರೆ ಅವು ಗಂಟುಗಂಟಾಗಿ ಅಂಟಿಕೊಳ್ಳುತ್ತವೆ. ಬಿಡಿಯಾಗಿ ಓಡಾಡುವವು ಅರ್ಧಕ್ಕಿಳಿದರೆ ಆ ಗುಳಿ ಪಾಸಿಟಿವ್. ಅರ್ಧ ಎಂಬುದನ್ನು ತೀರ್ಮಾನಿಸುವುದು ನೋಡುವವರ ಕಣ್ಣು. ಇದರ ಜೊತೆಗೆ ಗ್ರಿಪ್ಪೊಟೈಫೋಸಾ, ಆಟಮ್ನಾಲಿಸ್, ಆಸ್ಟ್ರಾಲಿಸ್, ಹಾರ್ಡ್ಜೊ ಮುಂತಾದ ತಳಿಗಳನ್ನು ಬಿಡದೆ ಸಾಕಬೇಕು. ಸ್ಥಳೀಯ ತಳಿ ಆ ಸಾಲಿನಲ್ಲಿ ಇಲ್ಲದೇ ಹೋದರೆ ಆ ಊರಿನ ಜನ ಲೆಕ್ಕದಿಂದ ಜಾರಿಬಿಡಬಹುದು.

ಹೀಗಾಗಿಯೇ ಎಲೈಸಾ ಕಿಟ್ ಬಂದಾಗ ಎಲ್ಲರೂ ಅದರತ್ತ ಓಡಿದರು. ಬೆಲೆ ಕಡಿಮೆ, ಜೀವಾಣು ಸಾಕುವ ಗೋಜಿಲ್ಲ. ಆದರೆ ಆ ಕಿಟ್ ಹುಡುಕುವ ಐಜಿಎಂ, ಅಂದರೆ ಸೋಂಕಿನ ಮೊದಲ ಹಂತದ ಪ್ರತಿಕಾಯ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಇಳಿದುಹೋಗುತ್ತದೆ. ಹಾಸಿಗೆ ಹಿಡಿದವರಿಗಾಗಿ ಮಾಡಿದ ಕಿಟ್ಟನ್ನು ಊರ ತುಂಬ ಬಳಸಿ, ಬಂದ ಅಂಕಿಯನ್ನು ಇಡೀ ಜೀವಮಾನದ ಸೋಂಕಿನ ಲೆಕ್ಕವೆಂದು ಕೊಟ್ಟರೆ ಅದನ್ನು ಒಪ್ಪಲಾಗದು. ಅದು ಒಂದು ಮಳೆಗಾಲದ ಲೆಕ್ಕ. ಮ್ಯಾಟ್‌ನ ಟೈಟರ್, ಅಂದರೆ ಪಾಸಿಟಿವ್ ಬರುವ ಕೊನೆಯ ತೆಳುವಿನ ಅಂಕಿ, ಕೂಡ ವರ್ಷಗಳು ಕಳೆದಂತೆ ಇಳಿಯುತ್ತದೆ. ನೂರಕ್ಕೆ ಗೆರೆ ಎಳೆದರೆ ಒಂದು ಅಂಕಿ, ನಾನೂರಕ್ಕೆ ಎಳೆದರೆ ಇನ್ನೊಂದು. ಗೆರೆ ಎಲ್ಲಿ ಎಂದು ಹೇಳದ ವರದಿಯನ್ನು ಬದಿಗಿಡುವುದೇ ಲೇಸು.

ನನ್ನ ತಲೆಮಾರಿನವರಿಗೆ ದಾರಿ ತೋರಿಸಿದ್ದು ಎರಡು ಕಡೆಯ ಕೆಲಸ. ಒಂದು ಅಂಡಮಾನಿನದು. ಪೋರ್ಟ್ ಬ್ಲೇರ್‌ನ ಐಸಿಎಂಆರ್ ಕೇಂದ್ರದ ಸೆಹಗಲ್ ತಂಡ ತಡೆಮದ್ದಾಗಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟು ನೋಡಿತು. 2000ದಲ್ಲಿ ಬಂದ ಫಲಿತಾಂಶದ ಪ್ರಕಾರ ಮಾತ್ರೆ ತಿಂದವರಿಗೂ ಸೋಂಕು ತಗುಲಿತ್ತು, ಕಾಯಿಲೆ ಮಾತ್ರ ಕಡಿಮೆಯಾಗಿತ್ತು. ಜ್ವರ ಬಂದವರನ್ನಷ್ಟೇ ಎಣಿಸಿದ್ದರೆ ಮಾತ್ರೆ ಸೋಂಕನ್ನೇ ತಡೆಯಿತೆಂದು ಬರೆದುಬಿಡುತ್ತಿದ್ದರು. ಇನ್ನೊಂದು ಬ್ರೆಜಿಲಿನ ಸಾಲ್ವಡಾರ್ ನಗರದ್ದು. ಸಂಶೋಧಕರು ಅಲ್ಲಿನ ಕೊಳೆಗೇರಿಯ 3,171 ಜನರ ರಕ್ತ ನೋಡಿ ಶೇಕಡಾ 15.4ರಷ್ಟು ಮಂದಿಯಲ್ಲಿ ಪ್ರತಿಕಾಯ ಕಂಡು, ತೆರೆದ ಚರಂಡಿಗೆ ಮನೆ ಹತ್ತಿರವಾದಷ್ಟೂ ಅಪಾಯ ಹೆಚ್ಚು ಎಂದು 2008ರಲ್ಲಿ ತೋರಿಸಿದರು. ಅಲ್ಲಿಗೇ ನಿಲ್ಲಿಸಲಿಲ್ಲ. ಜನರ ರಕ್ತವನ್ನು ಮತ್ತೆ ಮತ್ತೆ ನೋಡಿ, ಹೊಸದಾಗಿ ಎಷ್ಟು ಜನಕ್ಕೆ ತಗುಲಿತು ಎಂದು ಎಣಿಸಿದರು. ಈ ವಿದ್ಯೆಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನಾನು ಕಂಡಿಲ್ಲ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಗೆ ಈ ದಾರಿ ಯಾಕೆ ಬೇಕು? ಶಿಕಾರಿಪುರ ಅರೆಮಲೆನಾಡು. ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯದ ಕೆಳಗಿನ ಗದ್ದೆಗಳು, ಕೆರೆಗಳು, ಮೆಕ್ಕೆಜೋಳ, ಶುಂಠಿ. ಸೊರಬದಲ್ಲಿ ವರದಾ ಮತ್ತು ದಂಡಾವತಿಯ ಬಯಲು, ಚಂದ್ರಗುತ್ತಿಯ ಕಡೆ ಕಾಡು, ನಡುವೆ ಅಡಿಕೆ ತೋಟ. ನಾಟಿಯ ಹೊತ್ತಿನಲ್ಲಿ ಸಸಿ ಕೀಳುವ ಹೆಂಗಸರು ಬೆಳಗಿನಿಂದ ಸಂಜೆವರೆಗೆ ಮೊಣಕಾಲುದ್ದ ಕೆಸರಿನಲ್ಲಿರುತ್ತಾರೆ. ಕಾಲ್ಬೆರಳ ಸಂದಿ ಕೆಸರುಹುಣ್ಣಾಗಿ ಬಿರಿದಿರುತ್ತದೆ. ಅದೇ ನೀರಿಗೆ ಇಲಿ, ಹೆಗ್ಗಣ, ಎಮ್ಮೆ, ಎತ್ತುಗಳ ಮೂತ್ರ ಸೇರುತ್ತದೆ; ಅದರಲ್ಲಿ ರೋಗಾಣು ಇದ್ದರೆ ಆ ಬಿರುಕಿನಿಂದಲೇ ಮೈ ಹೊಗುತ್ತದೆ. ಮನೆಗೆ ಬಂದರೆ ಕೊಟ್ಟಿಗೆಯ ಗಂಜಲ ಬಾಚುವವರೂ ಅವರೇ. ಆಸ್ಪತ್ರೆಯ ಅಂಕಿಗಳಲ್ಲಿ ಗಂಡಸರೇ ಹೆಚ್ಚು ಎಂಬುದನ್ನು ಸೋಂಕಿನ ಸ್ವಭಾವವೆಂದು ಓದುವವರು ಈ ಹೆಂಗಸರ ರಕ್ತ ನೋಡಿದ ಮೇಲೆ ಮಾತಾಡಲಿ.

ಇದು ರಕ್ತಸಮೀಕ್ಷೆಯನ್ನು ಅರಿಯದ ಸೀಮೆಯೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಮುಂದೆ ಮಂಗನ ಕಾಯಿಲೆ ಎನಿಸಿಕೊಂಡ ರೋಗದಿಂದ, ಮಂಗಗಳು ಸತ್ತಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಸಾಗರದಲ್ಲಿ ಕ್ಷೇತ್ರ ಕೇಂದ್ರ ಮಾಡಿಕೊಂಡು ಮನುಷ್ಯರು, ಮಂಗಗಳು, ಇಲಿಗಳು, ಹಕ್ಕಿಗಳು, ದನಗಳು, ಉಣ್ಣೆಗಳನ್ನು ಒಟ್ಟಿಗೇ ನೋಡಿದರು. ಆ ಸಮಗ್ರತೆ ಕಾಡಿನ ವೈರಸ್ಸಿಗೆ ಸಿಕ್ಕಿತು, ಗದ್ದೆಯ ಬ್ಯಾಕ್ಟೀರಿಯಾಕ್ಕೆ ಸಿಗಲಿಲ್ಲ. ಬೇಸಗೆಯ ಜ್ವರವೆಂದರೆ ಮಂಗನ ಕಾಯಿಲೆ, ಮಳೆಗಾಲದ್ದೆಂದರೆ ಡೆಂಗಿ ಎಂದು ಮನಸ್ಸು ಒಗ್ಗಿಹೋಯಿತು. 2014ರಲ್ಲಿ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ ಆಸ್ಪತ್ರೆಗಳಲ್ಲಿ ಶುರುಮಾಡಿದ ಜ್ವರ ಸಮೀಕ್ಷೆ ಒಂದೇ ಜ್ವರಕ್ಕೆ ಹಲವು ಕಾರಣ ಹುಡುಕುವ ಅಭ್ಯಾಸ ತಂದಿತು. ಅದು ದೊಡ್ಡ ಹೆಜ್ಜೆ. ಆದರೂ ಅಲ್ಲಿ ರಕ್ತ ಕೊಟ್ಟವರು ಆಸ್ಪತ್ರೆ ತಲುಪಿದವರು. ಮೇಲಾಗಿ, ದನಗಳ ಸೀರಮ್ಮನ್ನು ಬೆಂಗಳೂರಿನ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿಯವರು ನೋಡುತ್ತಾರೆ, ಜನರದ್ದು ಆರೋಗ್ಯ ಇಲಾಖೆಯ ಪಾಲು. ಒಂದೇ ಮನೆಯ ಎಮ್ಮೆಯ ಟೈಟರ್ ಮತ್ತು ಅದನ್ನು ಕರೆಯುವವಳ ಟೈಟರ್ ಒಂದೇ ಹಾಳೆಯ ಮೇಲೆ ಬರಬೇಕು.

ಇದಕ್ಕೆ ಭಾರೀ ಯೋಜನೆ ಬೇಡ. ಶಿರಾಳಕೊಪ್ಪ, ಆನವಟ್ಟಿ, ಜಡೆ, ಉಳವಿ ಸುತ್ತಿನ ಕೆಲವು ಊರುಗಳಲ್ಲಿ ಚೀಟಿ ಎತ್ತಿ ಮನೆಗಳನ್ನು ಆರಿಸಿ, ಮೇ ತಿಂಗಳಲ್ಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಅದೇ ಜನರ ರಕ್ತ ಪಡೆದರೆ ಆ ಮಳೆಗಾಲದಲ್ಲಿ ಯಾರಿಗೆ ಹೊಸದಾಗಿ ತಗುಲಿತು ಎಂಬುದು ತಿಳಿಯುತ್ತದೆ. ಮಂಗನ ಕಾಯಿಲೆಯ ಪರೀಕ್ಷೆಗೆ ತೆಗೆದು ಉಳಿದ ಸೀರಮ್ಮನ್ನು, ಕೊಟ್ಟವರ ಒಪ್ಪಿಗೆ ಪಡೆದು, ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಕಾಪಾಡಿದರೂ ಒಂದು ಆರಂಭವಾದೀತು. ಸ್ಥಳೀಯ ಇಲಿಗಳ ಮೂತ್ರಪಿಂಡದಿಂದ ಬೆಳೆಸಿದ ತಳಿಗಳನ್ನು ಮ್ಯಾಟ್‌ನ ಸಾಲಿಗೆ ಸೇರಿಸುವ ಕೆಲಸವನ್ನು ಅದರ ಜೊತೆಯಲ್ಲೇ ಹಿಡಿಯಬೇಕು.