ಶಹರದಾಗ ಯಾವ ಓಣಿ?

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಿಂದ ಹೈದರಾಬಾದಿಗೆ ಪರೀಕ್ಷೆಗೋ ಕೆಲಸಕ್ಕೋ ಹೋಗ್ತೀವಿ. ಯಾವ ಓಣಿಯಲ್ಲಿ ಉಳಿಯಬೇಕು? ಕೆಲವು ಕಡೆ ಬಾಡಿಗೆಗಿಂತ ಮೊದಲು "ಯಾವ ಮಂದಿ?" ಅಂತ ಕೇಳ್ತಾರ.

ಈ ಪ್ರಶ್ನೆ ಹಳೆಯದು. 1917ರಲ್ಲಿ ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದ ಬಾಬಾಸಾಹೇಬರು ಹಿಂದೂ ಹೋಟೆಲಿಗೆ ಹೋಗುವಂತಿರಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲೇ ಉಳಿದರು. 11ನೇ ದಿನ ಬಡಿಗೆ ಹಿಡಿದವರು ಬಂದು ಹೊರಗೆ ಹಾಕಿದರು. ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ಇಬ್ಬರು ಗೆಳೆಯರೂ ನೆಪ ಹೇಳಿದರು. ಮುಂಬೈ ರೈಲಿನ ಹೊತ್ತಿನ ತನಕ ಸಾರ್ವಜನಿಕ ತೋಟದಲ್ಲಿ ಕುಳಿತರು.

ಅವರೇ ಮುಂದೆ ಬರೆದ ಸಂವಿಧಾನದ 15ನೇ ವಿಧಿ ಇವತ್ತು ಹೋಟೆಲ್ ಬಾಗಿಲು ತೆರೆಸಿದೆ. ಬಾಡಿಗೆ ಕೋಣೆಯ ಬಾಗಿಲು ಇನ್ನೂ ಅರೆ ತೆರೆದೈತಿ. ಅದಕ್ಕೇ ಹೇಳ್ತೀನಿ: ಮೊದಲು ಹೋದ ನಮ್ಮ ಅಣ್ಣ-ಅಕ್ಕಂದಿರನ್ನು ಕೇಳಿ ಓಣಿ ಆರಿಸಿರಿ, ಹೆಸರು ಮಾತ್ರ ಮುಚ್ಚಿಡಬೇಡಿರಿ. ಜೈ ಭೀಮ್!