ವೈರ್ ಹೆಡ್‌ಫೋನ್, ಬ್ಲೂಟೂತ್ ಹೆಡ್‌ಫೋನ್: ಸಂಗೀತ ಕೇಳುವವರಿಗೆ ಮತ್ತು ಕಲಿಯುವವರಿಗೆ

ಹೆಡ್‌ಫೋನ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ ವೈರ್ ಇರುವುದು ಬೇಕೋ ಬ್ಲೂಟೂತ್ ಬೇಕೋ ಎಂಬುದು. ಧ್ವನಿಯ ಗುಣಮಟ್ಟದ ಚರ್ಚೆಯೂ ಬಹುಮಟ್ಟಿಗೆ ಇಲ್ಲೇ ಸಿಕ್ಕಿಕೊಂಡಿದೆ. ಶಾಸ್ತ್ರೀಯ ಸಂಗೀತವನ್ನು ಕೇಳುವವರ ಮತ್ತು ಕಲಿಯುವವರ ಕಡೆಯಿಂದ ಈ ಪ್ರಶ್ನೆಯನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬರೀ ಕೇಳುವವರಿಗೆ ವೈರ್ ಇದೆಯೋ ಇಲ್ಲವೋ ಎಂಬುದು ನಾಲ್ಕನೆಯದೋ ಐದನೆಯದೋ ಸಂಗತಿ. ಹಾಡುವವರಿಗೆ, ನುಡಿಸುವವರಿಗೆ, ಅದರಲ್ಲೂ ಆನ್‌ಲೈನ್‌ನಲ್ಲಿ ಪಾಠ ಹೇಳಿಸಿಕೊಳ್ಳುವವರಿಗೆ ಅದೇ ಮೊದಲನೆಯದು. ಈ ಎರಡು ಬಳಕೆಗಳನ್ನು ಬೇರ್ಪಡಿಸದೆ ಮಾತಾಡುವುದರಿಂದಲೇ ಗೊಂದಲ ಹುಟ್ಟಿದೆ.

ಪರೀಕ್ಷೆಗೆ ನಾನು ತಂಬೂರಿ ಮತ್ತು ಮೃದಂಗದ ನಾದವನ್ನು ಆರಿಸಿಕೊಂಡಿದ್ದೇನೆ. ತಂತಿಯನ್ನು ಎಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಿಸಬಾರದು ಎಂಬುದು ಥಾಮಸ್ ಯಂಗ್ ಹೆಸರಿನಲ್ಲಿರುವ ನಿಯಮ. ತಂಬೂರಿಯಲ್ಲೂ ವೀಣೆಯಲ್ಲೂ ಅವು ಜೋರಾಗಿಯೇ ಕೇಳಿಸುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲಿ ಪ್ರಕಟಿಸಿದರು. ಕುದುರೆಯ ಬಾಗಿದ ಮೇಲ್ಮೈ, ತಂಬೂರಿಯಲ್ಲಾದರೆ ಅದರ ಜೊತೆಗೆ ಜೀವಾಳದ ದಾರ, ಇದಕ್ಕೆ ಕಾರಣ. ಮೃದಂಗದ ಬಲಮುಖದ ಕಪ್ಪು ಲೇಪ (ಕರಣೆ) ಚರ್ಮದ ಉಪಸ್ವರಗಳನ್ನು ಸಂಗೀತಕ್ಕೆ ಒಪ್ಪುವ ಅನುಪಾತಕ್ಕೆ ತರುತ್ತದೆ ಎಂಬುದನ್ನು 1920ರಲ್ಲೇ ಗುರುತಿಸಿದ್ದ ಅವರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಆ ವಿಷಯವನ್ನು ವಿಸ್ತಾರವಾಗಿ ಬರೆದರು. ಒಂದು ಮನೆ ಶ್ರುತಿಯ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್‌ನಲ್ಲಿರುತ್ತದೆ. ಅದರ ಝೇಂಕಾರ ಹಲವು ಸಾವಿರ ಹರ್ಟ್ಸ್‌ವರೆಗೂ ಹಬ್ಬುತ್ತದೆ. ಮೃದಂಗದ ಎಡಗೈಯ ಗುಮ್ಕಿ ಕೆಳಸ್ತರವನ್ನು ಕೆಣಕುತ್ತದೆ, ಬಲಗೈಯ ಚಾಪು ಮೇಲ್ಸ್ತರವನ್ನು. ಹೆಡ್‌ಫೋನ್ ಎಲ್ಲಿ ಸೋಲುತ್ತದೆ ಎಂಬುದು ಈ ಎರಡು ವಾದ್ಯಗಳಲ್ಲಿ ಬೇಗ ಗೊತ್ತಾಗುತ್ತದೆ.

ಬ್ಲೂಟೂತ್‌ನ ಮೇಲಿರುವ ಮುಖ್ಯ ಆಕ್ಷೇಪ ಅಂಕಿಗಳದು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿ, ತಲಾ 16 ಬಿಟ್, ಎರಡು ಚಾನೆಲ್. ಒಟ್ಟು ಸೆಕೆಂಡಿಗೆ 1,411 ಕಿಲೋಬಿಟ್. ಬ್ಲೂಟೂತ್‌ನಲ್ಲಿ ಸಂಗೀತ ಕಳಿಸುವ ಎಲ್ಲ ಉಪಕರಣಗಳಲ್ಲೂ ಕಡ್ಡಾಯವಾಗಿ ಇರಲೇಬೇಕಾದ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳಿಸುವ ಕ್ರಮ) ಎಸ್‌ಬಿಸಿ. ಅದು ಸಾಮಾನ್ಯವಾಗಿ ಮುಟ್ಟುವ ಮೇಲಿನ ಮಿತಿ 328 ಕಿಲೋಬಿಟ್, ಅಂದರೆ ಸಿ.ಡಿ.ಯ ಕಾಲುಭಾಗಕ್ಕಿಂತ ಕಡಿಮೆ. ಸೋನಿಯ ಎಲ್‌ಡಿಎಸಿ 330, 660, 990 ಎಂಬ ಮೂರು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಸಿಗ್ನಲ್ ಕುಂದಿದರೆ ಸದ್ದಿಲ್ಲದೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಡಬ್ಬಿಯ ಮೇಲೆ ಅಚ್ಚಾಗಿರುವ ಕೋಡೆಕ್ ಫೋನಿನಲ್ಲೂ ಇರಬೇಕು, ಇಲ್ಲದಿದ್ದರೆ ಎರಡಕ್ಕೂ ಗೊತ್ತಿರುವ ಇನ್ನೊಂದಕ್ಕೆ ಹೊರಳುತ್ತದೆ. ಐಫೋನ್‌ಗಳು ಸಂಗೀತಕ್ಕೆ ಎಸ್‌ಬಿಸಿ ಮತ್ತು ಎಎಸಿಗಳನ್ನೇ ಬಳಸುತ್ತ ಬಂದಿರುವುದರಿಂದ ಎಲ್‌ಡಿಎಸಿಗೆಂದು ಐಫೋನ್ ಬಳಕೆದಾರರು ಹೆಚ್ಚು ಹಣ ಕೊಡುವುದು ವ್ಯರ್ಥ.

ಆದರೆ ಕಿಲೋಬಿಟ್ ಕಡಿಮೆಯಾದಷ್ಟೇ ಪ್ರಮಾಣದಲ್ಲಿ ನಾದವೂ ಕಡಿಮೆಯಾಗುವುದಿಲ್ಲ. ಕಿವಿಗೆ ಕೇಳಿಸದ್ದನ್ನು ಬಿಟ್ಟು ಕೇಳಿಸುವುದಕ್ಕೆ ಬಿಟ್‌ಗಳನ್ನು ಹಂಚುವುದೇ ಕೋಡೆಕ್‌ನ ಕೆಲಸ. ಎಸ್‌ಬಿಸಿ ಇಡೀ ಶ್ರಾವ್ಯ ವ್ಯಾಪ್ತಿಯನ್ನು ಸಾಮಾನ್ಯವಾಗಿ ಎಂಟು ಪಟ್ಟಿಗಳಾಗಿ ಸೀಳುತ್ತದೆ. ಒಂದೊಂದರ ಅಗಲ ಸುಮಾರು 2,756 ಹರ್ಟ್ಸ್. ಗಾಯಕರ ಮೂರು ಸ್ಥಾಯಿಗಳ ಮೂಲ ಸ್ವರಗಳೆಲ್ಲ ಮೊದಲನೆಯ ಪಟ್ಟಿಯಲ್ಲೇ ಬರುತ್ತವೆ, ಬಿಟ್‌ಗಳೂ ಅಲ್ಲಿಗೇ ಹೆಚ್ಚು ಹೋಗುತ್ತವೆ. ಹೀಗಾಗಿ ಕಸರು ಕಾಣಿಸಿಕೊಳ್ಳುವುದಾದರೆ ತಂಬೂರಿಯ ಮೇಲಿನ ಝೇಂಕಾರದಲ್ಲಿ, ತಾಳದ ಕಂಚಿನ ಸದ್ದಿನಲ್ಲಿ ಕಾಣಿಸಿಕೊಳ್ಳಬೇಕು. ಪೂರ್ಣ ದರದಲ್ಲಿ ಅದು ಬಹಳ ಸೂಕ್ಷ್ಮ.

ವೈರ್ ಪಕ್ಷದವರು ಇನ್ನೂ ಮುಂದೆ ಹೋಗಿ ಸಿ.ಡಿ.ಗಿಂತ ಮೇಲ್ಮಟ್ಟದ ಫೈಲುಗಳ ಮಾತಾಡುತ್ತಾರೆ. ಈ ಬಗ್ಗೆ ಹೆಸರು ಮುಚ್ಚಿಟ್ಟು ನಡೆಸಿದ ಪರೀಕ್ಷೆಗಳಿವೆ. ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೇಲ್ಮಟ್ಟದ ಧ್ವನಿಯನ್ನೂ ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ ಕೇಳುಗರು ಗುರುತಿಸಬೇಕಿತ್ತು. 554 ಸುತ್ತುಗಳಲ್ಲಿ ಸರಿಯಾದದ್ದು 276. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತಿತ್ತು. ಜೋಶುವಾ ರೈಸ್ 2016ರಲ್ಲಿ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಶೇಕಡ 52.3ರಷ್ಟು ಸರಿಯುತ್ತರ ಸಿಕ್ಕಿತು; ತರಬೇತಾದ ಕಿವಿಗಳಲ್ಲಿ ಅದು ಹೆಚ್ಚಿತ್ತು. ವ್ಯತ್ಯಾಸ ಇದೆ, ಆದರೆ ಎಳೆಯಷ್ಟು. ಮನೆಯಲ್ಲಿ ಹೋಲಿಸಿ ನೋಡುವವರು ಎರಡೂ ಹೆಡ್‌ಫೋನ್‌ಗಳ ದನಿಮಟ್ಟವನ್ನು ಸಮ ಮಾಡಿಕೊಳ್ಳದಿದ್ದರೆ ತೀರ್ಪಿಗೆ ಬೆಲೆಯಿಲ್ಲ. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಹೆಚ್ಚು ಸ್ಪಷ್ಟವೆಂದು ಕಿವಿಗೆ ತೋರುತ್ತದೆ.

ಮೂಲದ ಮಿತಿಯನ್ನೂ ಮರೆಯಬಾರದು. ಯೂಟ್ಯೂಬಿನ ಕಛೇರಿ ನಮ್ಮ ಫೋನಿಗೆ ಬರುವ ಮೊದಲೇ ಕುಗ್ಗಿರುತ್ತದೆ. ವೈರ್ ಅದನ್ನು ಹಿಗ್ಗಿಸಲಾರದು. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಹಾಡಿದ 78 ವೇಗದ ತಟ್ಟೆಗಳಂಥ ಧ್ವನಿಮುದ್ರಣಗಳಲ್ಲಿ 8 ಕಿಲೋಹರ್ಟ್ಸ್‌ನ ಆಚೆ ಸಂಗೀತ ಬಹಳ ಕಡಿಮೆ, ತಟ್ಟೆಯ ಕರಕರ ಸದ್ದೇ ಹೆಚ್ಚು. ಹಳೆಯ ದನಿಗಳನ್ನು ಪ್ರೀತಿಯಿಂದ ಕೇಳುವವರಿಗೆ ಬ್ಲೂಟೂತ್‌ನಿಂದ ಯಾವ ನಷ್ಟವೂ ಇಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹಾಗಾದರೆ ಎರಡು ಹೆಡ್‌ಫೋನ್‌ಗಳ ನಡುವೆ ನಾವು ನಿಜವಾಗಿ ಕೇಳುವ ದೊಡ್ಡ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಮೊದಲನೆಯದಾಗಿ ಆವೃತ್ತಿ ಪ್ರತಿಕ್ರಿಯೆಯಿಂದ: ಕೆಳಗಿನ, ನಡುವಿನ, ಮೇಲಿನ ಸ್ವರಗಳನ್ನು ಅದು ಯಾವ ಪ್ರಮಾಣದಲ್ಲಿ ಬೆರೆಸುತ್ತದೆ ಎಂಬುದರಿಂದ. ಯೆರೂನ್ ಬ್ರೇಬಾರ್ಟ್ 2017ರಲ್ಲಿ 283 ಹೆಡ್‌ಫೋನ್‌ಗಳನ್ನು ಅಳೆದು ಪ್ರಕಟಿಸಿದ ಫಲಿತಾಂಶ ಕೊಳ್ಳುವವರೆಲ್ಲ ತಿಳಿದಿರಬೇಕಾದದ್ದು. ಆವೃತ್ತಿ ಪ್ರತಿಕ್ರಿಯೆಗೂ ಮಾರಾಟದ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಗುಮ್ಕಿಯನ್ನು ಉಬ್ಬಿಸಿ ತಂಬೂರಿಯನ್ನು ಮುಚ್ಚಿಹಾಕುವ ದುಬಾರಿ ವೈರ್ ಹೆಡ್‌ಫೋನ್‌ಗಿಂತ ಹದವಾದ ಅಗ್ಗದ ಬ್ಲೂಟೂತ್ ಹೆಡ್‌ಫೋನ್ ಖಂಡಿತ ಮೇಲು. ಎರಡನೆಯದು ಕಿವಿಗೆ ಕೂರುವ ಬಗೆ. ಕಿವಿಯೊಳಗೆ ಇಡುವ ಇಯರ್‌ಫೋನಿನ ರಬ್ಬರ್ ತುದಿ ಸರಿಯಾಗಿ ಮುಚ್ಚದಿದ್ದರೆ ಕೆಳಸ್ವರಗಳು ಹತ್ತು ಡೆಸಿಬಲ್‌ಗೂ ಹೆಚ್ಚು ಸೋರಿಹೋಗುತ್ತವೆ. ಡಬ್ಬಿಯಲ್ಲಿ ಕೊಡುವ ಮೂರು ಅಳತೆಯ ರಬ್ಬರ್‌ಗಳನ್ನು ಒಂದೊಂದಾಗಿ ಹಾಕಿ ನೋಡುವುದರಿಂದ ಆಗುವ ಲಾಭ ಕೋಡೆಕ್ ಬದಲಿಸುವುದರಿಂದ ಆಗುವುದಿಲ್ಲ.

ಮೂರನೆಯದು ಸುತ್ತಲಿನ ಗದ್ದಲ. ಬಸ್ಸಿನ ಎಂಜಿನ್ನಿನ ಗೊರಗೊರ ಕೆಳಸ್ತರದ್ದು. ಅದು ಮಂದ್ರ ಷಡ್ಜವನ್ನೂ ಗುಮ್ಕಿಯನ್ನೂ ನೇರವಾಗಿ ನುಂಗುತ್ತದೆ. ಕೇಳುಗರು ದನಿ ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ರೂಪಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್ ಮೇಲಿನ ಮಿತಿ. ಮೂರು ಡೆಸಿಬಲ್ ಏರಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಗದ್ದಲ ತಗ್ಗಿಸುವ ಹೆಡ್‌ಫೋನ್ ಮುಖ್ಯವಾಗಿ 1 ಕಿಲೋಹರ್ಟ್ಸ್‌ಗಿಂತ ಕೆಳಗಿನ ಇಂಥ ಎಡೆಬಿಡದ ಸದ್ದನ್ನೇ ಅಳಿಸುತ್ತದೆ. ಈ ಸೌಲಭ್ಯ ಇಂದು ಬಹುತೇಕ ಬ್ಲೂಟೂತ್ ಮಾದರಿಗಳಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ದಿನವೂ ಬಸ್ಸಿನಲ್ಲಿ ಕೇಳುವವರಿಗೆ ಒಳ್ಳೆಯ ನಾದದ ಹೆಸರಿನಲ್ಲೇ ನಾನು ಬ್ಲೂಟೂತನ್ನು ಶಿಫಾರಸು ಮಾಡುತ್ತೇನೆ.

ಶಾಂತವಾದ ಕೋಣೆಯಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಅತ್ಯುತ್ತಮವಾಗಿ ನುಡಿಯುವುದು ಬೆನ್ನು ತೆರೆದ ಹೆಡ್‌ಫೋನ್‌ಗಳು. ಸೆನ್‌ಹೈಸರ್ 1968ರಲ್ಲಿ ತಂದ ಎಚ್‌ಡಿ 414 ಇವುಗಳಲ್ಲಿ ಮೊದಲು ಹೆಸರಾದದ್ದು. ಹಿಂಬದಿ ತೆರೆದಿರುವುದರಿಂದ ದನಿ ತಲೆಯೊಳಗೆ ಒತ್ತಿದಂತಾಗದೆ ಹೊರಗೆ ಹರಡಿದಂತೆ ಕೇಳಿಸುತ್ತದೆ. ಈ ಬಗೆಯವು ಹೆಚ್ಚುಕಡಿಮೆ ಎಲ್ಲವೂ ವೈರ್ ಇರುವಂಥವು. ವೈರ್‌ನಿಂದ ನಾದ ಚೆಂದ ಎಂಬ ನಂಬಿಕೆಗೆ ಕಾರಣ ಬಹುಶಃ ಇಲ್ಲಿದೆ: ಚೆಂದವಿರುವುದು ಆ ತೆರೆದ ರಚನೆಯಲ್ಲಿ, ವೈರ್ ಅದರ ಜೊತೆಗೆ ಬಂದದ್ದು.

ಹಾಡುವವರಿಗೆ ಈ ತೆರೆದ ರಚನೆಯ ಬೆಲೆ ಇನ್ನೂ ಹೆಚ್ಚು. ಕಿವಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಹಾಡಿದಾಗ ನಮ್ಮದೇ ಕಂಠದ ಕೆಳಸ್ವರಗಳು ಮೂಳೆಯ ಮೂಲಕ ಬಂದು ಒಳಗೇ ಗುಂಯ್‌ಗುಡುತ್ತವೆ. ಶ್ರುತಿ ಒಂದು ಕಡೆ, ಈ ಗುಂಯ್‌ಗಾರ ಇನ್ನೊಂದು ಕಡೆ. ಗಾಂಧಾರ ಎಲ್ಲಿ ನಿಂತಿದೆ ಎಂದು ತೀರ್ಮಾನಿಸುವುದು ಕಷ್ಟವಾಗುತ್ತದೆ. ತಂಬೂರಿ ಆ್ಯಪ್ ಹಾಕಿಕೊಂಡು ಸಾಧನೆ ಮಾಡುವವರು ಬೆನ್ನು ತೆರೆದ ಹೆಡ್‌ಫೋನ್ ಬಳಸಬೇಕು, ಇಲ್ಲವೇ ಒಂದು ಕಿವಿಯನ್ನು ಬಿಟ್ಟಿರಬೇಕು. ಸಣ್ಣ ಸ್ಪೀಕರ್ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಇನ್ನು ಆನ್‌ಲೈನ್ ಪಾಠ. ಮೈಸೂರಿನ, ಧಾರವಾಡದ ಗುರುಗಳಿಂದ ದೂರದ ಊರುಗಳಲ್ಲಿ, ಹೊರದೇಶಗಳಲ್ಲಿ ಇರುವ ಕನ್ನಡದ ಮಕ್ಕಳು ಇವತ್ತು ಕಲಿಯುತ್ತಿದ್ದಾರೆ. ಇದು ನನಗೆ ಬಹಳ ಮುಖ್ಯವೆನಿಸುವ ಭಾಗ, ಏಕೆಂದರೆ ಇಲ್ಲಿ ಬ್ಲೂಟೂತ್ ನಿಜವಾಗಿಯೂ ಸಂಗೀತವನ್ನು ಕೆಡಿಸುತ್ತದೆ, ಅದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸಂಗೀತಕ್ಕೆ ಒಂದು ದಾರಿ, ಮಾತಿಗೆ ಇನ್ನೊಂದು. ಸಂಗೀತದ ದಾರಿ ಏಕಮುಖ. ಹೆಡ್‌ಸೆಟ್ಟಿನ ಮೈಕ್ ಚಾಲೂ ಆದ ಕೂಡಲೇ ಇಡೀ ಸಂಪರ್ಕ ಮಾತಿನ ದಾರಿಗೆ ಹೊರಳುತ್ತದೆ. ಆಗ ಸ್ಟೀರಿಯೋ ಹೋಗಿ ಒಂದೇ ಚಾನೆಲ್ ಉಳಿಯುತ್ತದೆ. ಮಾದರಿಗಳು ಸೆಕೆಂಡಿಗೆ 16,000ಕ್ಕೆ, ಹಳೆಯ ಉಪಕರಣಗಳಲ್ಲಿ 8,000ಕ್ಕೆ ಇಳಿಯುತ್ತವೆ. ಕೇಳಿಸುವ ವ್ಯಾಪ್ತಿ ಅದರ ಅರ್ಧ, ಅಂದರೆ 8 ಅಥವಾ 4 ಕಿಲೋಹರ್ಟ್ಸ್. ಗುರುಗಳ ದನಿ ಶಿಷ್ಯನಿಗೂ ಶಿಷ್ಯನ ದನಿ ಗುರುಗಳಿಗೂ ಹೀಗೆ ಮೊಟಕಾಗಿಯೇ ತಲುಪುತ್ತದೆ. ತಂಬೂರಿಯ ಜೀವಾಳವನ್ನು ಕೇಳಲೇಬೇಕಾದ ಹೊತ್ತಿನಲ್ಲಿ ಅದು ಅಲ್ಲಿರುವುದಿಲ್ಲ.

ಇದರ ಮೇಲೆ ಕರೆಯ ಆ್ಯಪ್‌ಗಳ ಗದ್ದಲ ನಿವಾರಣೆ ಬೇರೆ. ಅದಕ್ಕೆ ಬದಲಾಗದೆ ಉಳಿಯುವ ಸದ್ದೆಲ್ಲ ಫ್ಯಾನಿನ ಸದ್ದು. ಶ್ರುತಿಯೂ ಹಾಗೆಯೇ ಬದಲಾಗದೆ ನಿಲ್ಲುವುದರಿಂದ ಅದನ್ನೂ ಗುಡಿಸಿ ಹಾಕುತ್ತದೆ. ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಎಂಬ ಆಯ್ಕೆ ಇರುವುದು ಇದನ್ನು ತಡೆಯಲಿಕ್ಕೆ. ಆ ಆಯ್ಕೆ ಹಾಕಿಯೂ ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಬಳಸಿದರೆ ಮತ್ತೆ ಅದೇ ಇಕ್ಕಟ್ಟಿನ ದಾರಿ. 2020ರಲ್ಲಿ ಪ್ರಕಟವಾದ ಹೊಸ ಬ್ಲೂಟೂತ್ ಮಾನದಂಡವಾದ ಎಲ್‌ಇ ಆಡಿಯೋ ಈ ಕೊರತೆಯನ್ನು ಬಹುಮಟ್ಟಿಗೆ ನೀಗಬಲ್ಲದು, ಆದರೆ ಫೋನ್ ಮತ್ತು ಹೆಡ್‌ಫೋನ್ ಎರಡರಲ್ಲೂ ಅದು ಇರಬೇಕು.

ವಿಳಂಬದ ಮಾತನ್ನು ಎಚ್ಚರದಿಂದ ಆಡಬೇಕು, ಏಕೆಂದರೆ ಎಲ್ಲ ಕಡೆ ಅದು ತೊಂದರೆಯಲ್ಲ. ಬ್ಲೂಟೂತ್‌ನಲ್ಲಿ ಸಂಗೀತ ಸುಮಾರು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಕಿವಿ ಸೇರುವುದು ಸಾಮಾನ್ಯ. ಶ್ರುತಿಗೆ ಇದರಿಂದ ಏನೂ ಆಗದು. ಗುರು ಹಾಡಿ ನಿಲ್ಲಿಸಿದ ಮೇಲೆ ಶಿಷ್ಯ ಹಾಡುವ ಪಾಠಕ್ರಮಕ್ಕೂ ಹೆಚ್ಚು ಧಕ್ಕೆಯಿಲ್ಲ, ಇಂಟರ್ನೆಟ್ಟಿನ ತಡ ಹೇಗೂ ಇದ್ದೇ ಇದೆ. ತಾಳದ ಆ್ಯಪ್ ಕೇಳುತ್ತ ಹಾಡಿದರೂ ಸರಿಯೇ, ಏಕೆಂದರೆ ತಡ ಒಂದೇ ಸಮನಾಗಿರುತ್ತದೆ. ತೊಂದರೆ ಇರುವುದು ಎರಡು ಕಡೆ. ಇಲೆಕ್ಟ್ರಾನಿಕ್ ವೀಣೆಯನ್ನೋ ಕೀಬೋರ್ಡನ್ನೋ ಹೆಡ್‌ಫೋನಿನಲ್ಲಿ ಕೇಳುತ್ತ ನುಡಿಸುವಾಗ ಒಂದು. ಮೊದಲೇ ಮುದ್ರಿಸಿದ ಹಾಡಿನ ಮೇಲೆ ಮೃದಂಗವನ್ನು ಸೇರಿಸಿ ಮುದ್ರಿಸುವಾಗ ಇನ್ನೊಂದು. ನಿಮಿಷಕ್ಕೆ 75 ಅಕ್ಷರಗಳ ವೇಗದಲ್ಲಿ ಒಂದು ಅಕ್ಷರ 800 ಮಿಲಿಸೆಕೆಂಡ್. ಚತುರಶ್ರ ನಡೆಯಲ್ಲಿ ತಕಧಿಮಿಯ ಒಂದೊಂದು ಮಾತ್ರೆ 200. ಬ್ಲೂಟೂತ್‌ನ ವಿಳಂಬವೂ ಅಷ್ಟೇ ಆದರೆ ಮೃದಂಗ ಪೂರ್ತಿ ಒಂದು ಮಾತ್ರೆ ಹಿಂದೆ ಬೀಳುತ್ತದೆ. ಇಲ್ಲಿ ವೈರ್ ಬಿಟ್ಟು ಬೇರೆ ದಾರಿಯಿಲ್ಲ.

ವೈರ್ ಕೊಳ್ಳುವವರಿಗೆ ಫೋನಿನ ಕಡೆಯ ಒಂದು ತೊಡಕಿದೆ. 2016ರಲ್ಲಿ ಐಫೋನ್ 7 ಹೆಡ್‌ಫೋನ್ ಜ್ಯಾಕನ್ನು ಬಿಟ್ಟಿತು, ಬೇರೆಯವರೂ ಅದೇ ಹಾದಿ ಹಿಡಿದರು. ಈಗ ಟೈಪ್-ಸಿ ಕಿಂಡಿಗೆ ಡಾಂಗಲ್ ಬೇಕು. ಅಂಕಿಗಳನ್ನು ನಾದವಾಗಿ ಬದಲಿಸುವ ಚಿಪ್ ಕೆಲವು ಡಾಂಗಲ್‌ಗಳ ಒಳಗೇ ಇರುತ್ತದೆ. ಅಗ್ಗದ ಕೆಲವದರಲ್ಲಿ ಇರುವುದಿಲ್ಲ, ಫೋನೇ ಆ ಕೆಲಸ ಮಾಡಲಿ ಎಂದು ಕಾಯುತ್ತವೆ. ಇವು ಎಷ್ಟೋ ಫೋನುಗಳಲ್ಲಿ ಮೂಕವಾಗಿ ಕೂರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ತಮ್ಮ ಫೋನಿಗೆ ಚುಚ್ಚಿ ಕೇಳಿ ನೋಡಿಯೇ ದುಡ್ಡು ಕೊಡಬೇಕು.

ಬಾಳಿಕೆಯಲ್ಲಿ ವೈರ್ ಸ್ಪಷ್ಟವಾಗಿ ಗೆಲ್ಲುತ್ತದೆ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600ರ ಕೇಬಲ್ಲೂ ಕಿವಿಯ ಮೆತ್ತೆಯೂ ಬಿಡಿಯಾಗಿ ಸಿಗುತ್ತವೆ, ಹಾಳಾದದ್ದನ್ನು ಬದಲಿಸಿಕೊಂಡರಾಯಿತು. ಕಿವಿಯೊಳಗೆ ಇಡುವ ಬಿಡಿ ಬ್ಲೂಟೂತ್ ಮೊಗ್ಗುಗಳ ಪುಟ್ಟ ಲಿಥಿಯಂ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಅದನ್ನು ಬಿಚ್ಚಿ ಬದಲಿಸುವಂತೆ ಅವುಗಳಲ್ಲಿ ಹೆಚ್ಚಿನವನ್ನು ಕಟ್ಟಿಯೇ ಇರುವುದಿಲ್ಲ. ಈಗಾಗಲೇ ಒಳ್ಳೆಯ ಬ್ಲೂಟೂತ್ ಹೆಡ್‌ಫೋನ್ ಇದ್ದು ಲ್ಯಾಪ್‌ಟಾಪಿನಲ್ಲಿ ಪಾಠ ಕೇಳುವವರು ಮಾತ್ರ ಹೊಸದನ್ನು ಕೊಳ್ಳುವ ಮೊದಲು ಒಂದು ಕೆಲಸ ಮಾಡಬಹುದು. ಧ್ವನಿಯ ಸೆಟ್ಟಿಂಗ್‌ನಲ್ಲಿ ಮೈಕ್ ಆಗಿ ಹೆಡ್‌ಸೆಟ್ಟನ್ನು ಬಿಟ್ಟು ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿದರೆ ಸಂಪರ್ಕ ಸಂಗೀತದ ದಾರಿಯಲ್ಲೇ ಉಳಿಯುತ್ತದೆ, ಗುರುಗಳ ತಂಬೂರಿ ಎರಡೂ ಕಿವಿಗಳಿಗೆ ಪೂರ್ತಿಯಾಗಿ ಕೇಳಿಸುತ್ತದೆ.